ಹಗ್ಗದಾಚೆಯಿಂದ ಕಾಣುವ ನಾಯಿ

ಜಂಬೂಸವಾರಿಗೆ ಪಾಸು ಸಿಗದ ಮೈಸೂರಿನವರಿಗೂ ದಸರೆಯಲ್ಲಿ ಮಾಡಲು ಕೆಲಸವಿದೆ: ರೈತ ದಸರಾದ ಮುದ್ದುಪ್ರಾಣಿಗಳ ಪ್ರದರ್ಶನಕ್ಕೆ ಹೋಗುವುದು. ಹಾಲು ಕರೆಯುವ ಸ್ಪರ್ಧೆಗೆ ಸೇರುವಷ್ಟೇ ಉತ್ಸಾಹದಿಂದ ಇಲ್ಲಿಗೂ ಜನ ಬರುತ್ತಾರೆ. ಜರ್ಮನ್ ಷೆಫರ್ಡ್, ಲ್ಯಾಬ್ರಡಾರ್, ಹಸ್ಕಿ, ನಡುವೆ ಬಳ್ಳಿಯಂತೆ ಬಳುಕುವ ನಮ್ಮ ಮುಧೋಳ. ನನಗೂ ಇಷ್ಟದ ನೋಟವೇ. ಆದರೆ ಈ ನೋಟ ನಮ್ಮ ಕಣ್ಣಿಗೆ ಏನು ಕಲಿಸುತ್ತಿದೆ ಎಂಬ ಬಗ್ಗೆ ತಕರಾರಿದೆ. ತೀರ್ಪುಗಾರರು ಹಲ್ಲು, ಕಾಲು ಎಲ್ಲ ನೋಡಿಯಾರು. ಹಗ್ಗದ ಈಚೆ ನಿಂತ ನಮಗೆ ಕಾಣುವುದು ತಳಿ, ನಿಲುವು, ಮೈಹೊಳಪು. ಮನೆಗೆ ಒಯ್ಯುವುದೂ ಅಷ್ಟನ್ನೇ.

ಒಂದು ವರ್ಷ ಪೆಂಡಾಲಿನ ಅಂಚಿನಲ್ಲಿ ಗೋಲ್ಡನ್ ರಿಟ್ರೀವರ್ ಒಂದರ ಪಕ್ಕ ಕೂತಿದ್ದೆ. ಮೈತುಂಬ ಶಾಂಪೂ ಘಮ. ಆದರೆ ಒಂದೇ ಸಮ ತಲೆ ಒದರುತ್ತಿತ್ತು. ಯಜಮಾನರನ್ನು ಕೇಳಿ ಜೋಲುಕಿವಿ ಮಗುಚಿ ನೋಡಿದೆ. ಒಳಗೆಲ್ಲ ಕಂದು ಮೇಣದಂಥ ಕೊಳೆ, ಹುಳಿ ಮೀರಿದ ದೋಸೆಹಿಟ್ಟಿನ ವಾಸನೆ. “ನೆನ್ನೆ ಸ್ನಾನ ಮಾಡಿಸಿದ್ವಲ್ಲ ಸಾರ್, ನೀರು ಹೋಗಿರ್ಬೇಕು” ಎಂದರು. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಗಾಳಿಯಾಡದ ಕಿವಿಯಲ್ಲಿ ನೀರು ನಿಂತರೆ ಬೂಷ್ಟು ಹೆಚ್ಚುತ್ತದೆ. ಆದರೆ ಆ ಕೊಳೆ ಒಂದು ದಿನದ್ದಲ್ಲ. ಮೈ ತೊಳೆದ ಕೈ ಕಿವಿಯವರೆಗೆ ಹೋಗಿರಲಿಲ್ಲ, ಅಷ್ಟೆ.

ಕಾಯಿಲೆ ಗುರುತಿಸುವ ವಿದ್ಯೆ ಇರುವುದೇ ಇಂಥ ಮರೆಯ ಜಾಗಗಳಲ್ಲಿ. ಮೂಗು ಒದ್ದೆಯಿದ್ದರೆ ನಾಯಿ ಆರೋಗ್ಯವಾಗಿದೆ ಎಂಬ ನಂಬಿಕೆಯನ್ನು ನಾವಿನ್ನೂ ಬಿಟ್ಟಿಲ್ಲ. ಜ್ವರವಿರುವ ನಾಯಿಯ ಮೂಗೂ ಒದ್ದೆಯಿರಬಹುದು. ಥರ್ಮಾಮೀಟರ್ ಇಟ್ಟವರು 102 ಡಿಗ್ರಿ ಕಂಡು ಗಾಬರಿಯಾಗುತ್ತಾರೆ. ನಾಯಿಗೆ 101ರಿಂದ 102.5 ಫ್ಯಾರನ್‌ಹೀಟ್ ಸಹಜವೇ. ಅದಕ್ಕಿಂತ ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಒಸಡೇ ಬಿಳಿಚಿದ್ದರೆ ಉಣ್ಣೆಜ್ವರದ ಅನುಮಾನ ಮೊದಲು ಬರಲಿ.

ಉಣ್ಣೆಯ ವಿಷಯದಲ್ಲಂತೂ ನಾವು ತಪ್ಪು ಕಡೆ ಯುದ್ಧ ಮಾಡುತ್ತಿದ್ದೇವೆ. ರಕ್ತ ಕುಡಿದು ಹರಳುಬೀಜದಷ್ಟಾದ ಉಣ್ಣೆಯನ್ನು ಕಿತ್ತು ಸೀಮೆಎಣ್ಣೆಯಲ್ಲಿ ಹಾಕಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಅದು ಹೆಚ್ಚು ಕಾಲ ಬದುಕುವುದು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕಿನಲ್ಲಿ, ಗೂಡಿನ ಸಂದಿಯಲ್ಲಿ. ಒಂದೊಂದು ಹೆಣ್ಣು ಇಡುವ ಮೊಟ್ಟೆ ಸಾವಿರಗಳ ಲೆಕ್ಕ. ಸಂದಿ ಮುಚ್ಚದೆ ಬರೀ ನಾಯಿ ತೊಳೆಯುವುದು ನಲ್ಲಿ ನಿಲ್ಲಿಸದೆ ನೆಲ ಒರೆಸಿದಂತೆ. ಕಜ್ಜಿ ನಾಯಿಗೆ ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಬಳಿಯುವವರೂ ಇದ್ದಾರೆ. ನಾಯಿ ಅದನ್ನು ನೆಕ್ಕುತ್ತದೆ ಎಂಬ ಯೋಚನೆ ಅವರಿಗೆ ಬರುವುದಿಲ್ಲ.

ಪ್ರದರ್ಶನದಲ್ಲಿ ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಮಕ್ಕಳ ತೋಳಿನಲ್ಲಿ ನೋಡಲು ಬಂದ ಎರಡು ತಿಂಗಳ ಮರಿಗಳು. ಅವಕ್ಕೆ ಪಾರ್ವೋ ಎಂಬ ವೈರಸ್ ತಗುಲೀತು ಎಂಬುದೇ ಆ ಭಯ. ಅದು ಪತ್ತೆಯಾದದ್ದು 1978ರಲ್ಲಿ. ಅದಕ್ಕೆ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುವ ಶಕ್ತಿಯಿದೆ. ಮರಿಯ ಸೂಜಿಗಳು ಆರರಿಂದ ಎಂಟನೇ ವಾರದಲ್ಲಿ ಶುರುವಾಗಿ ಹದಿನಾರನೇ ವಾರದವರೆಗೆ ನಡೆಯುತ್ತವೆ. “ಒಂದು ಸೂಜಿ ಆಗಿದೆ” ಎಂಬುದು ಧೈರ್ಯಕ್ಕೆ ಕಾರಣವಲ್ಲ. ಮರಿ ವಾಂತಿ ಮಾಡಿಕೊಂಡು ರಕ್ತಭೇದಿಗೆ ಬಿದ್ದ ಮೇಲೆ ಮನೆಯವರು ನೆಲಕ್ಕೆ ಫಿನಾಯಿಲ್ ಸುರಿಯುತ್ತಾರೆ. ಈ ವೈರಸ್ ಅದಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಬ್ಲೀಚಿಂಗ್ ಪೌಡರಿನ ನೀರಿಗೆ ಬಗ್ಗುತ್ತದೆ.

ರೇಬಿಸ್ ವಿಷಯದಲ್ಲಿ ಮಾತ್ರ ನಾವು ತಕ್ಕಮಟ್ಟಿಗೆ ಗೆದ್ದಿದ್ದೇವೆ. ಲೂಯಿ ಪಾಶ್ಚರ್ ತೀರಿಕೊಂಡ ಸೆಪ್ಟೆಂಬರ್ 28ನ್ನು ರೇಬಿಸ್ ದಿನವಾಗಿ ಆಚರಿಸುತ್ತಾರೆ. ಆ ಹೊತ್ತಿಗೆ ಪಶುಪಾಲನಾ ಇಲಾಖೆ ಉಚಿತವಾಗಿ ಸೂಜಿ ಹಾಕುತ್ತದೆ, ಜನ ಸಾಲು ನಿಲ್ಲುತ್ತಾರೆ. ಆದರೆ ಆ ಚೀಟಿಯನ್ನೇ ಇಡೀ ವರ್ಷದ ಆರೋಗ್ಯದ ರಸೀದಿ ಎಂದುಕೊಂಡು ಬೀರುವಿನಲ್ಲಿಡುತ್ತಾರೆ.

ತಳಿಯ ಮೋಹದ ಬಗ್ಗೆಯೂ ಒಂದು ಮಾತು. 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನ ನಂತರ ಪಗ್ ನಮ್ಮೂರಿನಲ್ಲಿ ‘ಹಚ್ ನಾಯಿ’ಯಾಯಿತು. ಅದು ಗೊರಗೊರ ಎನ್ನುವುದನ್ನು ಮುದ್ದು ಎಂದು ನಗುತ್ತೇವೆ. ನಾಯಿ ಮೈ ತಣಿಸಿಕೊಳ್ಳುವುದು ಏದುಸಿರಿನಿಂದ, ಆ ಮೊಟಕು ಮೂಗಿಗೆ ಅದೇ ಕಷ್ಟ.

ಇನ್ನು ಬೆಕ್ಕು. ಕಾಯಿಲೆಯನ್ನು ಅಡಗಿಸಿಡುವುದರಲ್ಲಿ ಅದು ನಾಯಿಗಿಂತ ಜಾಣ. ಗಂಡುಬೆಕ್ಕು ಮತ್ತೆ ಮತ್ತೆ ಮರಳಿನ ತಟ್ಟೆಗೆ ಹೋಗಿ ಕುಕ್ಕರಿಸಿ ಬರಿದೇ ಏಳುತ್ತಿದ್ದರೆ “ಮಲಬದ್ಧತೆ ಇರ್ಬೇಕು” ಎಂದು ಹರಳೆಣ್ಣೆ ಹುಡುಕುತ್ತೇವೆ. ಬಹಳ ಸಲ ಕಟ್ಟಿರುವುದು ಮೂತ್ರ. ಅದು ನಾಳೆಯವರೆಗೆ ಕಾಯುವ ಕೇಸಲ್ಲ. ಮೈ ಬಿಸಿಯಿದೆಯೆಂದು ಕೊಡುವ ಅರ್ಧ ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲಬಲ್ಲದು. ಅದೇ ಫಿನಾಯಿಲ್ ಒರೆಸಿದ ನೆಲದಲ್ಲಿ ಓಡಾಡಿ ಪಾದ ನೆಕ್ಕಿಕೊಂಡರೂ ಅಪಾಯ. ಈ ಎರಡನ್ನೂ ಅರಗಿಸುವ ಶಕ್ತಿ ಅದರ ಪಿತ್ತಜನಕಾಂಗಕ್ಕೆ ತೀರ ಕಡಿಮೆ.

ಪ್ರದರ್ಶನ ನಿಲ್ಲಿಸಿ ಎನ್ನುತ್ತಿಲ್ಲ. ಅಷ್ಟು ಜನ ಬೇರೆಲ್ಲೂ ಸಿಗುವುದಿಲ್ಲ. ರಿಂಗಿನ ಪಕ್ಕ ಒಂದು ಮೇಜು, ಒಬ್ಬ ಪಶುವೈದ್ಯರು, ಮುಟ್ಟಲು ಬಿಡುವ ಒಂದು ಸಾಧು ನಾಯಿ ಇದ್ದರೆ ತುಟಿ ಎತ್ತುವುದನ್ನು, ಬೆರಳಸಂದಿ ಬಿಡಿಸಿ ನೋಡುವುದನ್ನು ಸಾಲಾಗಿ ಬಂದು ಕಲಿತು ಹೋಗಬಹುದು. ತಳಿ ಯಾವುದಾದರೇನು? ನಮ್ಮ ಬೀದಿಯ ಕೆಂಚನನ್ನೇ ಕರೆತರುತ್ತೇನೆ. ಬಿಸ್ಕತ್ತು ಕಂಡರೆ ತಾನಾಗಿ ಬಾಯಿ ತೆರೆಯುತ್ತಾನೆ.