ಡು ಬಾಯ್ಸ್ ಮತ್ತು ಫಿಲಡೆಲ್ಫಿಯದ ಏಳನೆಯ ವಾರ್ಡು

1896ರಲ್ಲಿ ಅಮೆರಿಕೆಯ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯವು ಫಿಲಡೆಲ್ಫಿಯ ನಗರದ ಕಪ್ಪು ಜನರ ಸ್ಥಿತಿಗತಿಗಳನ್ನು ಶೋಧಿಸಲು ಅವರವರೇ ಆದ ಡಾ. ಡು ಬಾಯ್ಸ್ ಅವರನ್ನು ನೇಮಿಸಿತು. ಹಾರ್ವರ್ಡಿನ ಡಾಕ್ಟರೇಟ್ ಪಡೆದಿದ್ದ ವಿದ್ವಾಂಸರಿಗೆ ದೊರೆತುದು ಸಹಾಯಕ ಬೋಧಕರೆಂಬ ಹೆಸರು, ಬೋಧಿಸಲು ತರಗತಿಯಿಲ್ಲ. ಅವರು ಏಳನೆಯ ವಾರ್ಡಿನಲ್ಲಿಯೇ ಪತ್ನಿಯೊಡನೆ ಬಿಡಾರ ಹೂಡಿ, ಮನೆಮನೆಯ ಮೆಟ್ಟಿಲೇರಿ, ಅಲ್ಲಿನ 9,675 ಕಪ್ಪು ನಿವಾಸಿಗಳ ದುಡಿಮೆ, ಬಾಡಿಗೆ, ಅಕ್ಷರಜ್ಞಾನಗಳ ಲೆಕ್ಕ ಬರೆದರು.

1899ರಲ್ಲಿ ಪ್ರಕಟವಾದ ‘ದಿ ಫಿಲಡೆಲ್ಫಿಯ ನೀಗ್ರೊ’ ಗ್ರಂಥದ ಸತ್ತ್ವವಿರುವುದು ಉದ್ಯೋಗವನ್ನು ಕುರಿತ ಭಾಗಗಳಲ್ಲಿ. ಕಸಬು ಬಲ್ಲವನೂ ಬಣ್ಣದ ಕಾರಣದಿಂದ ಹೊರಗೆ ನಿಲ್ಲಬೇಕಾದ ಪ್ರಸಂಗಗಳನ್ನು ಒಂದೊಂದಾಗಿ ದಾಖಲಿಸಿ, ಬಡತನವು ಜನಾಂಗದ ಹುಟ್ಟುಗುಣವೆಂಬ ವಾದದ ಬುಡವನ್ನೇ ಅವರು ಅಲುಗಿಸಿದರು. ಆದರೆ ತೀರ ಬಡವರ ನಡತೆಯನ್ನು ತೂಗುವಾಗ ಉಪಾಧ್ಯಾಯರ ಗದರಿಕೆಯೊಂದು ಕೇಳಿಬರುತ್ತದೆ; ಅವರೇ ಕೊಟ್ಟ ಅಂಕಿಗಳು ಅದನ್ನು ಸಮರ್ಥಿಸುವುದಿಲ್ಲ. ತಮ್ಮನ್ನು ಯಾವುದೋ ವಿಚಿತ್ರ ಜೀವಜಾತಿಯೆಂಬಂತೆ ಪರೀಕ್ಷಿಸುವುದು ವಾರ್ಡಿನವರಿಗೆ ರುಚಿಸಲಿಲ್ಲವೆಂದು ಮುಂದೆ ಡು ಬಾಯ್ಸ್ ಅವರೇ ಒಪ್ಪಿಕೊಂಡರು. ಈ ಪ್ರಾಮಾಣಿಕತೆ ಅವರ ವಿಶ್ವವಿದ್ಯಾಲಯಕ್ಕೆ ಬಹುಕಾಲ ಬರಲಿಲ್ಲ.

1897ರಲ್ಲಿ ಅವರು ಅಟ್ಲಾಂಟ ವಿಶ್ವವಿದ್ಯಾಲಯಕ್ಕೆ ಹೊರಟರು. ಪೆನ್ಸಿಲ್ವೇನಿಯವು ಅವರಿಗೆ ಗೌರವ ಪ್ರಾಧ್ಯಾಪಕರ ಪದವಿಯನ್ನಿತ್ತದ್ದು 2012ರಲ್ಲಿ. ಅವರು ತೀರಿಕೊಂಡದ್ದು 1963ರಲ್ಲಿ.