ಬೆಕ್ಕಿನ ಬಾಯಿ ನೋಡಿದ್ದೀರಾ?

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಬೆಕ್ಕಿಗೆ ಮರ್ಯಾದೆ ಜಾಸ್ತಿ. ಕುಷ್ಟಗಿ, ಯಲಬುರ್ಗಾದ ಜೋಳದ ಮನೆಗಳಲ್ಲೂ ಅಷ್ಟೇ. ಇಲಿ ಹಿಡಿದರೆ ಮುದ್ದು ಮಾಡುತ್ತೇವೆ, ಹಾಲು ರೊಟ್ಟಿ ಹಾಕುತ್ತೇವೆ. ಆ ಬಾಯಿಯೊಳಗೆ ಏನಾಗಿದೆ ಎಂದು ಮಾತ್ರ ನೋಡುವುದಿಲ್ಲ.

ಹಲ್ಲು ನೋವೆಂದು ಬೆಕ್ಕು ಕೂಗುವುದು ಅಪರೂಪ. ಆಸೆಯಿಂದ ತಟ್ಟೆಗೆ ಬರುತ್ತದೆ, ಮೂಸುತ್ತದೆ, ತಲೆ ವಾರೆ ಮಾಡಿ ಒಂದೇ ಬದಿಯಲ್ಲಿ ಅಗಿದು ತುತ್ತನ್ನು ಕೆಳಗೆ ಬೀಳಿಸಿ ಹಿಂದೆ ಸರಿಯುತ್ತದೆ. ‘ಇದಕ್ಕೆ ಸೊಕ್ಕು, ಮೀನೇ ಬೇಕು’ ಎಂದು ಮನೆಯವರು ಬೈಯುತ್ತಾರೆ. ಅದು ಸೊಕ್ಕಲ್ಲ, ನೋವು. ಜೊಲ್ಲು, ಬಾಯಿಯ ನಾತ, ಮೈ ನೆಕ್ಕಿಕೊಳ್ಳುವುದನ್ನೇ ಬಿಟ್ಟು ಕೂದಲು ಗಂಟುಗಟ್ಟುವುದು ಕೂಡ ಅದರದೇ ಗುರುತು.

ಬೆಳೆದ ಬೆಕ್ಕಿಗೆ 30 ಹಲ್ಲು. ತುಟಿಯ ಮೂಲೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿ. ಮೇಲ್ದವಡೆಯ ಹಿಂಬದಿಗೆ ಕತ್ತರಿಯ ಅಲಗಿನಂಥ ದೊಡ್ಡ ಹಲ್ಲೊಂದಿದೆ. ಜೊಲ್ಲಿನ ನಾಳ ಅಲ್ಲೇ ಹತ್ತಿರ ತೆರೆಯುವುದರಿಂದ ಕಂದು ಕಿಟ್ಟ ಬೇಗ ಕಟ್ಟುವುದೂ ಅಲ್ಲೇ. ಒಸಡು ತಿಳಿಗುಲಾಬಿ ಇದ್ದರೆ ಸರಿ. ಹಲ್ಲಿನ ಬುಡದಲ್ಲಿ ಸಣ್ಣ ಕೆಂಪು ಗೆರೆ ಕಂಡರೆ ಒಸಡಿನ ರೋಗ ಶುರುವಾಗಿದೆ. (ಕೆಂಪು ಬೆಕ್ಕಿನ ತುಟಿ, ಒಸಡಿನ ಮೇಲಿನ ಚಪ್ಪಟೆ ಕರಿ ಚುಕ್ಕೆಗೆ ಸಾಮಾನ್ಯವಾಗಿ ಹೆದರಬೇಕಿಲ್ಲ.)

ನಮ್ಮಂತೆ ಹುಳುಕು ಹಲ್ಲು ಬೆಕ್ಕಿಗೆ ಇಲ್ಲವೆಂದೇ ಹೇಳಬೇಕು. ಅದರ ಪೀಡೆ ಬೇರೆ: ದೇಹವೇ ತನ್ನ ಹಲ್ಲನ್ನು ಕರಗಿಸಿಬಿಡುತ್ತದೆ. ಅಂಥ ಹಲ್ಲನ್ನು ಕೀಳಿಸುವುದೇ ದಾರಿ. ಹಿಂಜರಿಯಬೇಡಿ, ಬೆಕ್ಕು ಅರೆದು ತಿನ್ನುವ ಪ್ರಾಣಿಯಲ್ಲ, ಕತ್ತರಿಸಿ ನುಂಗುವ ಪ್ರಾಣಿ. ನೋವು ಹೋದ ಮೇಲೆ ಹಲ್ಲಿಲ್ಲದೆಯೂ ಚೆನ್ನಾಗಿ ಉಣ್ಣುತ್ತದೆ.

ಕಿಟ್ಟವನ್ನು ಮಾತ್ರ ನಾವು ತಡೆಯಬಹುದು. ಹಲ್ಲಿನ ಮೇಲಿನ ಮೆತ್ತನೆಯ ಪದರ ಕೆಲವೇ ದಿನಗಳಲ್ಲಿ ಕಲ್ಲಾಗುತ್ತದೆ, ಆದ್ದರಿಂದ ದಿನಾ ಉಜ್ಜಬೇಕು. ಮರಿಯಿದ್ದಾಗಲೇ ರೂಢಿ ಮಾಡಿಸಿ: ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಹಲ್ಲಿನ ಹೊರಬದಿ ಒರೆಸಿದರೂ ಸಾಕು. ನಮ್ಮ ಟೂತ್‌ಪೇಸ್ಟ್ ಬೇಡ. ಉಗುಳಲು ಬಾರದ ಪ್ರಾಣಿ ಫ್ಲೋರೈಡನ್ನೆಲ್ಲ ನುಂಗುತ್ತದೆ. ನಮ್ಮ ಹಲ್ಲುನೋವಿಗೆ ಹಚ್ಚುವ ಲವಂಗದ ಎಣ್ಣೆ ಬೆಕ್ಕಿಗೆ ವಿಷ, ಅದರ ಯಕೃತ್ತು ಅದನ್ನು ಅರಗಿಸಲಾರದು. ಪ್ಯಾರಾಸಿಟಮಾಲ್ ಅಂತೂ ಒಂದೇ ಮಾತ್ರೆಗೆ ಜೀವ ತೆಗೆಯಬಹುದು. ಕಟ್ಟಿದ ಕಿಟ್ಟವನ್ನು ಉಗುರಿನಿಂದ ಕೆರೆಯಬೇಡಿ. ಒಸಡಿನ ಒಳಗಿನದನ್ನು ಅರಿವಳಿಕೆ ಕೊಟ್ಟು ವೈದ್ಯರೇ ತೆಗೆಯಬೇಕು.

ಬೆಕ್ಕು ಒಂದು ಹಗಲು, ಒಂದು ರಾತ್ರಿ ಏನೂ ತಿನ್ನದಿದ್ದರೆ ಮೂರನೆಯ ದಿನಕ್ಕೆ ಕಾಯಬೇಡಿ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಆಗದಿದ್ದರೆ ಪಕ್ಕದ ಗದಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ.