ಮೈಕ್ರೊಕಂಟ್ರೋಲರ್ ಆಯ್ಕೆ: ಪೂರೈಕೆದಾರನ ಹಿಂದಿನ ನಡತೆಗೆ ಎಷ್ಟು ಬೆಲೆ?

“8051 ಮತ್ತು ಪಿಐಸಿ ಮೈಕ್ರೊಕಂಟ್ರೋಲರ್‌ಗಳನ್ನು ಹೋಲಿಸಿ.” ಎಲೆಕ್ಟ್ರಾನಿಕ್ಸ್ ಓದುವವರಿಗೆ ಈ ಪ್ರಶ್ನೆ ಚಿರಪರಿಚಿತ. ಉತ್ತರವೂ ಸಿದ್ಧವಾಗಿಯೇ ಇರುತ್ತದೆ. ಎರಡು ಅಂಕಣಗಳ ಒಂದು ಪಟ್ಟಿ. ಅದರಲ್ಲಿ ಸ್ಮೃತಿಯ ಗಾತ್ರ, ಗಡಿಯಾರದ ವೇಗ, ಆದೇಶಗಳ ಸಂಖ್ಯೆ, ಟೈಮರ್‌ಗಳು, ಬೇಕಾಗುವ ವಿದ್ಯುತ್ತು. ಇಷ್ಟು ಬರೆದರೆ ಪೂರ್ಣ ಅಂಕ. ಆದರೆ ಇದೇ ಪಟ್ಟಿಯನ್ನು ಅನುಭವಿ ವಿನ್ಯಾಸಕರೊಬ್ಬರ ಮುಂದಿಟ್ಟು ನೋಡಿ. ಅವರು ಮೊದಲು ಕೇಳುವುದು ಪಟ್ಟಿಯಲ್ಲಿಲ್ಲದ ಸಂಗತಿಯನ್ನು: “ಐದು ವರ್ಷ ಕಳೆದ ಮೇಲೂ ಈ ಚಿಪ್ ಸಿಗುತ್ತದೆಯೇ? ಇದನ್ನು ತಯಾರಿಸುವವರು ಹಿಂದೆ ಹೇಗೆ ನಡೆದುಕೊಂಡಿದ್ದಾರೆ?”

ಈ ಪ್ರಶ್ನೆ ನಮ್ಮ ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವುದಿಲ್ಲ. ಇದು ಒಂದು ಕೊರತೆ ಎಂಬುದು ನನ್ನ ಮೊದಲ ಆಕ್ಷೇಪ. ಎಂಜಿನಿಯರರು ಇದಕ್ಕೆ ಉತ್ತರ ಕಂಡುಕೊಳ್ಳುವ ರೀತಿಯೂ ಅನೇಕ ಸಲ ವೈಜ್ಞಾನಿಕವಾಗಿರುವುದಿಲ್ಲ ಎಂಬುದು ಎರಡನೆಯದು.

ಬದಲಿ ಏಕೆ ಸುಲಭವಲ್ಲ?

ಒಂದು ರೋಧಕ ಸಿಗದಿದ್ದರೆ ಅದೇ ಮೌಲ್ಯದ ಇನ್ನೊಂದು ಕಂಪನಿಯ ರೋಧಕವನ್ನು ಬೆಸೆಯಬಹುದು. ಮೈಕ್ರೊಕಂಟ್ರೋಲರಿನ ಕಥೆ ಹಾಗಲ್ಲ. ಪಿನ್ನುಗಳ ಜೋಡಣೆ ಬೇರೆ, ರಿಜಿಸ್ಟರುಗಳ ವಿಳಾಸ ಬೇರೆ, ಟೈಮರು ಕೆಲಸ ಮಾಡುವ ಕ್ರಮ ಬೇರೆ. ಚಿಪ್ ಬದಲಾದರೆ ಸರ್ಕ್ಯೂಟ್ ಬೋರ್ಡನ್ನು ಹೊಸದಾಗಿ ಬರೆಯಬೇಕು, ತಂತ್ರಾಂಶವನ್ನು ತಿದ್ದಬೇಕು, ಎಲ್ಲ ಪರೀಕ್ಷೆಗಳನ್ನೂ ಮತ್ತೆ ನಡೆಸಬೇಕು. ವೈದ್ಯಕೀಯ ಉಪಕರಣವಾದರೆ ಪ್ರಮಾಣಪತ್ರವನ್ನೂ ಹೊಸದಾಗಿ ಪಡೆಯಬೇಕಾಗಬಹುದು. ಹೀಗಾಗಿ ನೂರು ರೂಪಾಯಿಯ ಚಿಪ್ ಇಲ್ಲದೆ ಲಕ್ಷಾಂತರ ರೂಪಾಯಿಯ ಯಂತ್ರ ಕಾರ್ಖಾನೆಯಲ್ಲೇ ಉಳಿಯುತ್ತದೆ. 2021ರ ಸೆಪ್ಟೆಂಬರಿನಲ್ಲಿ ತನ್ನ ಉತ್ಪಾದನೆ ವಾಡಿಕೆಯ ಶೇ. 40ರಷ್ಟು ಮಾತ್ರ ಇರಬಹುದೆಂದು ಮಾರುತಿ ಸುಜುಕಿ ಮುಂಚಿತವಾಗಿಯೇ ತಿಳಿಸಬೇಕಾಯಿತು. ಕಾರಣ ಎಲೆಕ್ಟ್ರಾನಿಕ್ ಬಿಡಿಭಾಗಗಳ ಕೊರತೆ.

ಬೇಡಿಕೆ ಏರಿದೊಡನೆ ಪೂರೈಕೆಯನ್ನು ಏರಿಸಲೂ ಆಗದು. ಸಿಲಿಕಾನ್ ಬಿಲ್ಲೆಯೊಂದು ನೂರಾರು ಹಂತಗಳನ್ನು ದಾಟಿ ಚಿಪ್ಪುಗಳಾಗಿ ಹೊರಬರಲು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು ಬೇಕು. ಹೊಸ ಕಾರ್ಖಾನೆಗೆ ವರ್ಷಗಳೇ ಬೇಕು.

ನೆನಪಿನಲ್ಲಿ ಉಳಿದ ಮೂರು ಪ್ರಸಂಗಗಳು

ಇಂಟೆಲ್ ಕಂಪನಿ 8051 ಅನ್ನು ಹೊರತಂದದ್ದು 1980ರಲ್ಲಿ. ಸೀಮೆನ್ಸ್, ಫಿಲಿಪ್ಸ್, ಎಎಂಡಿ ಮೊದಲಾದವರೂ ಇದನ್ನು ತಯಾರಿಸಿದರು. 1993ರಲ್ಲಿ ಅಟ್ಮೆಲ್ ಕಂಪನಿ ಫ್ಲ್ಯಾಶ್ ಸ್ಮೃತಿಯ ಆವೃತ್ತಿಯನ್ನು ತಂದಿತು. ಇಂಟೆಲ್ 2006ರಲ್ಲಿ ಈ ಕುಟುಂಬದ ತಯಾರಿಕೆಯನ್ನು ಕೈಬಿಡುವುದಾಗಿ ಪ್ರಕಟಿಸಿ, 2007ರಲ್ಲಿ ನಿಲ್ಲಿಸಿತು. ಆದರೂ 8051 ಸಾಯಲಿಲ್ಲ. ನಮ್ಮ ಪ್ರಯೋಗಾಲಯದ ಕಿಟ್ಟುಗಳೂ ಮೂಲೆಗೆ ಸೇರಲಿಲ್ಲ. ಮೂಲ ತಯಾರಕ ಹೊರಟುಹೋದಾಗ ಬೇರೆಯವರು ಅಂಗಡಿ ತೆರೆದುಕೊಂಡೇ ಇದ್ದರು.

ಇದೇ ಇಂಟೆಲ್ 2013ರಲ್ಲಿ ಕ್ವಾರ್ಕ್ ಎಂಬ ಚಿಕ್ಕ ಚಿಪ್ಪುಗಳ ಸಾಲನ್ನು ತಂದಿತು. ಅದನ್ನು ಆಧರಿಸಿದ ಗೆಲಿಲಿಯೊ ಬೋರ್ಡುಗಳು ಕಾಲೇಜುಗಳಿಗೂ ಬಂದವು. 2017ರಲ್ಲಿ ಬೋರ್ಡುಗಳು ನಿಂತವು. 2019ರ ಜನವರಿಯಲ್ಲಿ ಕ್ವಾರ್ಕ್ ಚಿಪ್ಪುಗಳಿಗೂ ಮುಕ್ತಾಯ ಪ್ರಕಟವಾಯಿತು. ಇಲ್ಲಿ ಎರಡನೆಯ ತಯಾರಕರೇ ಇರಲಿಲ್ಲ. ಅದೇ ಬೋರ್ಡಿನಲ್ಲಿ ಕೂರುವ ಉತ್ತರಾಧಿಕಾರಿ ಚಿಪ್ಪೂ ಬರಲಿಲ್ಲ.

ಮೂರನೆಯದು ಅಟ್ಮೆಲ್‌ನ ಎವಿಆರ್. 1996ರಲ್ಲಿ ಆರಂಭವಾದ ಈ ಕುಟುಂಬದ ಮೊದಲ ತಲೆಮಾರಿನ ಎಟಿ90ಎಸ್8515 ಕೆಲವೇ ವರ್ಷಗಳಲ್ಲಿ ಹಿಂದೆ ಸರಿದು, ಎಟಿಮೆಗಾ8515 ಬಂದಿತು. ಇದೂ ಬಳಕೆದಾರರಿಗೆ ತೊಂದರೆಯೇ. ಆದರೆ ಹೊಸ ಚಿಪ್ಪಿನಲ್ಲಿ ಒಂದು ಫ್ಯೂಸ್ ಬಿಟ್ಟನ್ನು ಇಟ್ಟಿದ್ದರು. ಅದನ್ನು ಹೊಂದಿಸಿದರೆ ಹೊಸದು ಹಳೆಯದರಂತೆ ವರ್ತಿಸುತ್ತಿತ್ತು.

ಮೂರರಲ್ಲೂ “ತಯಾರಿಕೆ ನಿಂತಿತು” ಎಂಬುದು ಸಮಾನ. ಆದರೆ ಬಳಕೆದಾರರು ಅನುಭವಿಸಿದ್ದು ಸಮಾನವೇ? ಒಂದರಲ್ಲಿ ಬೇರೆ ಬಾಗಿಲಿತ್ತು, ಒಂದರಲ್ಲಿ ಏಣಿ ಇತ್ತು, ಇನ್ನೊಂದರಲ್ಲಿ ಎರಡೂ ಇರಲಿಲ್ಲ. ಹಾಗಾದರೆ ಪೂರೈಕೆದಾರರನ್ನು ಅಳೆಯುವಾಗ “ನಿಲ್ಲಿಸಿದರೇ?” ಎಂದು ಕೇಳಿದರೆ ಸಾಲದು, “ಹೇಗೆ ನಿಲ್ಲಿಸಿದರು?” ಎಂದೂ ಕೇಳಬೇಕು. ಗಿರಾಕಿಗಳು ಕೇಳುವವರೆಗೆ, ತಯಾರಿಸಲು ಸಾಧ್ಯವಿರುವವರೆಗೆ ಹಳೆಯ ಚಿಪ್ಪನ್ನು ನಿಲ್ಲಿಸುವುದಿಲ್ಲ ಎಂಬ ಧೋರಣೆಯಿಂದಲೇ ಮೈಕ್ರೊಚಿಪ್ ಕಂಪನಿಯ ಪಿಐಸಿಗಳು ಅನೇಕರ ವಿಶ್ವಾಸ ಗಳಿಸಿದವು.

ಬೆಕ್ಕು ಮತ್ತು ಹಾಲು

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮಗೆ ಗೊತ್ತು. ಒಮ್ಮೆ ಕುದಿಯುವ ಹಾಲಿಗೆ ಬಾಯಿಟ್ಟು ಸುಟ್ಟುಕೊಂಡ ಬೆಕ್ಕು ಆಮೇಲೆ ತಣ್ಣಗಿನ ಹಾಲನ್ನು ಕಂಡರೂ ಓಡುತ್ತಿತ್ತು. “ಆ ಕಂಪನಿಯ ಚಿಪ್ಪನ್ನು ಇನ್ನೆಂದೂ ಮುಟ್ಟುವುದಿಲ್ಲ” ಎಂಬ ವಿನ್ಯಾಸಕರ ಪ್ರತಿಜ್ಞೆ ಕೆಲವೊಮ್ಮೆ ಈ ಬಗೆಯದು. ಬೆಕ್ಕು ಮಾಡಿದ್ದೂ ಒಂದು ಅಳತೆಯೇ. ಆದರೆ ಒಂದೇ ಅಳತೆ. ಅದೂ ಉಷ್ಣತೆಯನ್ನು ಬಿಟ್ಟು ಬಣ್ಣವನ್ನು ನೋಡಿ ತೀರ್ಮಾನಿಸಿದ ಅಳತೆ.

ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ನಾವು ಎರಡು ಬಗೆಯ ದೋಷಗಳನ್ನು ಬೇರ್ಪಡಿಸಲು ಕಲಿಸುತ್ತೇವೆ. ಒಂದು ವ್ಯವಸ್ಥಿತ ದೋಷ. ವರ್ನಿಯರ್ ಕ್ಯಾಲಿಪರ್ಸಿನ ಸೊನ್ನೆ ಸರಿಯಾಗಿ ಕೂರದಿದ್ದರೆ ಪ್ರತಿ ಅಳತೆಯಲ್ಲೂ ಅದೇ ತಪ್ಪು ಬರುತ್ತದೆ. ಇನ್ನೊಂದು ಯಾದೃಚ್ಛಿಕ ದೋಷ. ಅದು ಒಮ್ಮೆ ಹೀಗೆ, ಒಮ್ಮೆ ಹಾಗೆ. ಪೂರೈಕೆದಾರರ ಲೋಪಗಳನ್ನೂ ಹೀಗೆಯೇ ವಿಂಗಡಿಸಬೇಕು.

ಲಾಭ ಕಡಿಮೆಯಾದೊಡನೆ ಸಾಲನ್ನು ಕೈಬಿಡುವುದು ಕಂಪನಿಯ ಧೋರಣೆ. ಅದು ವ್ಯವಸ್ಥಿತ ದೋಷ, ಮುಂದೆಯೂ ಮರುಕಳಿಸುವ ಸಂಭವ ಹೆಚ್ಚು. ಜಪಾನಿನ ರೆನೆಸಾಸ್ ಕಂಪನಿಯ ನಾಕಾ ಕಾರ್ಖಾನೆ 2011ರ ಮಾರ್ಚ್ 11ರ ಭೂಕಂಪದಲ್ಲಿ ಹಾನಿಗೊಂಡು ತಿಂಗಳುಗಟ್ಟಲೆ ನಿಂತಿತು. 2021ರ ಮಾರ್ಚ್ 19ರಂದು ಅಲ್ಲಿಯೇ ಬೆಂಕಿ ಬಿದ್ದು ಒಂದು ವಿಭಾಗ ಸುಮಾರು ಒಂದು ತಿಂಗಳು ಸ್ಥಗಿತವಾಯಿತು. ಇವು ಧೋರಣೆಯಲ್ಲ, ಅವಘಡ. ಅವಘಡದಿಂದ ಕಂಪನಿಯ ಸ್ವಭಾವವನ್ನು ಅಳೆಯಲಾಗದು. ಆದರೆ ಒಂದೇ ಕಾರ್ಖಾನೆಯ ಮೇಲೆ ಎಷ್ಟು ಭಾರ ಬಿದ್ದಿದೆ ಎಂಬುದನ್ನು ಅಳೆಯಬಹುದು. ಅದು ಬೇರೆಯೇ ಪಾಠ.

ಇನ್ನೂ ಎರಡು ತೊಡಕುಗಳಿವೆ. ಕೈಕೊಟ್ಟ ಚಿಪ್ ನೆನಪಿನಲ್ಲಿ ಉಳಿಯುತ್ತದೆ, ಸಕಾಲಕ್ಕೆ ಬಂದ ನೂರು ಚಿಪ್ಪುಗಳನ್ನು ಯಾರೂ ಎಣಿಸಿಡುವುದಿಲ್ಲ. ಇದು ಆಯ್ದ ದತ್ತಾಂಶ. ಎರಡನೆಯದಾಗಿ, ನೆನಪು ಹೆಸರಿಗೆ ಅಂಟಿಕೊಳ್ಳುತ್ತದೆ, ಹೆಸರಿನ ಹಿಂದಿರುವವರು ಬದಲಾಗುತ್ತಾರೆ. 2016ರಲ್ಲಿ ಅಟ್ಮೆಲನ್ನು ಮೈಕ್ರೊಚಿಪ್ ಕೊಂಡಿತು. ಅಂದಿನಿಂದ ಎವಿಆರ್ ಬಗೆಗಿನ ಹಳೆಯ ದೂರನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ಒಂದೇ ಹೆಸರು ಎರಡು ಅನುಭವ ಕೊಡುವುದೂ ಉಂಟು. 2021ರಿಂದ ಸುಮಾರು ಎರಡು ವರ್ಷ ರಾಸ್ಪ್‌ಬೆರಿ ಪೈ ಗಣಕಗಳು ಸಿಗುವುದೇ ಕಷ್ಟವಾಗಿತ್ತು. ಅದೇ ಅವಧಿಯಲ್ಲಿ ಅದೇ ಸಂಸ್ಥೆಯ ಆರ್‌ಪಿ2040 ಮೈಕ್ರೊಕಂಟ್ರೋಲರ್ ಸಿಗುತ್ತಿತ್ತು. ಹೆಸರನ್ನಷ್ಟೇ ನೋಡಿ ತೀರ್ಮಾನಿಸಿದವರು ಕೈಗೆಟುಕುವ ಚಿಪ್ಪನ್ನು ಬಿಟ್ಟಂತಾಯಿತು.

ಇಬ್ಬರಿದ್ದರೆ ಸಾಕೆ?

“ಒಬ್ಬರನ್ನೇ ನಂಬಬೇಡಿ, ಇಬ್ಬರನ್ನು ಇಟ್ಟುಕೊಳ್ಳಿ” ಎಂಬುದು ಹಳೆಯ ಸಲಹೆ. ಲೆಕ್ಕವೂ ಆಕರ್ಷಕವಾಗಿದೆ. ಒಬ್ಬೊಬ್ಬರು ಕೈಕೊಡುವ ಸಂಭವನೀಯತೆ ಹತ್ತರಲ್ಲಿ ಒಂದಾದರೆ, ಇಬ್ಬರೂ ಒಟ್ಟಿಗೆ ಕೈಕೊಡುವುದು ನೂರರಲ್ಲಿ ಒಂದು. ಆದರೆ ಈ ಗುಣಾಕಾರ ಸರಿಯಾಗುವುದು ಎರಡು ಘಟನೆಗಳೂ ಪರಸ್ಪರ ಸ್ವತಂತ್ರವಾಗಿದ್ದಾಗ ಮಾತ್ರ. ಬೇರೆ ಬೇರೆ ಹೆಸರಿನ ಅನೇಕ ಕಂಪನಿಗಳು ತೈವಾನಿನ ಟಿಎಸ್‌ಎಂಸಿಯಲ್ಲೇ ತಮ್ಮ ಬಿಲ್ಲೆಗಳನ್ನು ಮಾಡಿಸುತ್ತವೆ. ವಾಹನಗಳ ಮೈಕ್ರೊಕಂಟ್ರೋಲರ್‌ಗಳಲ್ಲಿ ಸುಮಾರು ಶೇ. 70 ಅಲ್ಲಿಯೇ ತಯಾರಾಗುತ್ತವೆ ಎಂದು 2021ರ ಒಂದು ಅಂದಾಜು ಹೇಳಿತ್ತು. ಎರಡು ಕೊಳಾಯಿಗಳಿಗೂ ಒಂದೇ ತೊಟ್ಟಿಯಿಂದ ನೀರು ಬರುತ್ತಿದ್ದರೆ, ತೊಟ್ಟಿ ಬತ್ತಿದ ದಿನ ಎರಡೂ ಒಣಗುತ್ತವೆ.

ಬದಲಿ ಚಿಪ್ಪಿನ ಹೋಲಿಕೆಯನ್ನೂ ಪರೀಕ್ಷಿಸಬೇಕು. ಎಸ್‌ಟಿ ಕಂಪನಿಯ ಎಸ್‌ಟಿಎಂ32ಎಫ್103 ಚಿಪ್ಪಿಗೆ ಚೀನಾದ ಗಿಗಾಡಿವೈಸ್‌ನ ಜಿಡಿ32ಎಫ್103 ಪಿನ್ನಿಗೆ ಪಿನ್ ಹೊಂದುತ್ತದೆ. ಆದರೆ ಮೊದಲನೆಯದರ ಗರಿಷ್ಠ ವೇಗ 72 ಮೆಗಾಹರ್ಟ್ಸ್, ಎರಡನೆಯದರದು 108. ಫ್ಲ್ಯಾಶ್ ಸ್ಮೃತಿಯನ್ನು ಓದುವ ರೀತಿಯೂ ಬೇರೆ. ಕಾಲವಿಳಂಬಕ್ಕೆಂದು ಲೂಪುಗಳನ್ನು ಎಣಿಸಿ ಬರೆದ ಪ್ರೋಗ್ರಾಮು ಇಲ್ಲಿ ತಾಳ ತಪ್ಪಬಹುದು.

ಹಿಂದಿನ ಅನುಭವವನ್ನು ಸರಿಯಾಗಿ ಬಳಸಿದವರೂ ಇದ್ದಾರೆ. 2011ರ ಭೂಕಂಪದ ನಂತರ ಟೊಯೊಟಾ ಕಂಪನಿ ರೆನೆಸಾಸನ್ನು ದೂರಿ ಸುಮ್ಮನಾಗಲಿಲ್ಲ. ಚಿಪ್ ಬರಲು ತಗಲುವ ಅವಧಿಗೆ ತಕ್ಕಂತೆ ಎರಡರಿಂದ ಆರು ತಿಂಗಳ ದಾಸ್ತಾನು ಇಟ್ಟುಕೊಳ್ಳುವಂತೆ ತನ್ನ ಪೂರೈಕೆದಾರರಿಗೆ ಸೂಚಿಸಿತು. 2021ರ ಮೊದಲ ತಿಂಗಳುಗಳಲ್ಲಿ ಬೇರೆ ಕಂಪನಿಗಳು ಕಾರ್ಖಾನೆಗಳನ್ನು ನಿಲ್ಲಿಸಿದಾಗ ಟೊಯೊಟಾ ನಡೆಯುತ್ತಿತ್ತು. ಆದರೆ ಆ ವರ್ಷದ ಸೆಪ್ಟೆಂಬರಿನಲ್ಲಿ ಅದೂ ಉತ್ಪಾದನೆಯನ್ನು ಶೇ. 40ರಷ್ಟು ಇಳಿಸಬೇಕಾಯಿತು. ದಾಸ್ತಾನಿಗೂ ಮಿತಿಯಿದೆ.

ತರಗತಿಯಲ್ಲಿ ಏನು ಮಾಡಬಹುದು?

“ಇವೆಲ್ಲ ವ್ಯಾಪಾರದ ವಿಷಯ, ಪಠ್ಯದಲ್ಲಿ ತತ್ತ್ವಗಳಿದ್ದರೆ ಸಾಕು” ಎಂದು ಅಧ್ಯಾಪಕ ಮಿತ್ರರು ಹೇಳಬಹುದು. ಚಿಪ್ಪುಗಳು ಬದಲಾಗುತ್ತಲೇ ಇರುವಾಗ ತತ್ತ್ವಕ್ಕೆ ಒತ್ತು ಕೊಡಬೇಕೆಂಬುದು ಸರಿಯೇ. ಆದರೆ ವ್ಯವಸ್ಥಿತ ದೋಷ, ಆಯ್ದ ದತ್ತಾಂಶ, ಘಟನೆಗಳ ಸ್ವಾತಂತ್ರ್ಯ – ಇವು ತತ್ತ್ವಗಳಲ್ಲದೆ ಮತ್ತೇನು? ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂದು ಸಿಕ್ಕಿದ ಚಿಪ್ಪಿನಿಂದ ಒಂದು ಪ್ರಾಜೆಕ್ಟ್ ಮುಗಿಸಬಹುದು. ಅದೇ ಸಾಧನವನ್ನು ಸಾವಿರ ಸಂಖ್ಯೆಯಲ್ಲಿ ಹತ್ತು ವರ್ಷ ತಯಾರಿಸಬೇಕಾದಾಗ ಬೇಕಾಗುವ ವಿವೇಕ ಬೇರೆ. ಅದನ್ನು ನೌಕರಿಗೆ ಸೇರಿದ ಮೇಲೆ ಬಾಯಿ ಸುಟ್ಟುಕೊಂಡೇ ಕಲಿಯಬೇಕೆ?

ಮುಂದಿನ ಸಲ ಮೈಕ್ರೊಕಂಟ್ರೋಲರ್‌ಗಳನ್ನು ಹೋಲಿಸುವಾಗ ಪಟ್ಟಿಗೆ ಈ ಪ್ರಶ್ನೆಗಳನ್ನೂ ಸೇರಿಸಿ. ಇದನ್ನು ಎಷ್ಟು ಕಾಲ ತಯಾರಿಸುವುದಾಗಿ ಕಂಪನಿ ಬರೆದುಕೊಟ್ಟಿದೆ? ಎಸ್‌ಟಿ ಹಲವು ಚಿಪ್ಪುಗಳಿಗೆ 10 ವರ್ಷಗಳ ಭರವಸೆ ಕೊಡುತ್ತದೆ, ಆರ್‌ಪಿ2040ಕ್ಕೆ ಕನಿಷ್ಠ 2041ರ ಜನವರಿಯವರೆಗೆ ಎಂಬ ಮಾತಿದೆ. ಆದರೆ ಗಮನಿಸಿ: ತಯಾರಿಸುತ್ತೇವೆ ಎಂಬ ಭರವಸೆ ಬೇಕಾದ ದಿನ, ಹಳೆಯ ಬೆಲೆಗೆ ಕೊಡುತ್ತೇವೆ ಎಂಬ ಭರವಸೆಯಲ್ಲ. ಇದಕ್ಕೆ ಎರಡನೆಯ ತಯಾರಕರಿದ್ದಾರೆಯೇ? ಇದ್ದರೆ ಅವರ ಬಿಲ್ಲೆಗಳು ಎಲ್ಲಿ ತಯಾರಾಗುತ್ತವೆ? ಹಿಂದೆ ಈ ಕಂಪನಿ ಚಿಪ್ಪನ್ನು ನಿಲ್ಲಿಸಿದಾಗ ಬದಲಿ ದಾರಿ ತೋರಿಸಿತ್ತೇ?

ಕೊನೆಯ ಪ್ರಶ್ನೆ ನಿಮಗೇ. ಈ ಚಿಪ್ ನಾಳೆ ಸಿಗದಿದ್ದರೆ ನಿಮ್ಮ ಪ್ರೋಗ್ರಾಮಿನಲ್ಲಿ ಎಷ್ಟು ಸಾಲುಗಳನ್ನು ಬದಲಿಸಬೇಕು? ರಿಜಿಸ್ಟರುಗಳನ್ನು ನೇರವಾಗಿ ಮುಟ್ಟುವ ಭಾಗವನ್ನೆಲ್ಲ ಒಂದೇ ಕಡತದಲ್ಲಿ ಇಟ್ಟಿದ್ದರೆ ಬದಲಾವಣೆಯ ಬಹುಪಾಲು ಆ ಕಡತದಲ್ಲೇ ಮುಗಿಯುತ್ತದೆ. ಎಲ್ಲೆಡೆ ಹರಡಿದ್ದರೆ ಇಡೀ ಪ್ರೋಗ್ರಾಮನ್ನು ಕೆದಕಬೇಕಾಗುತ್ತದೆ. ಪೂರೈಕೆದಾರರು ಮುಂದೆ ಹೇಗೆ ನಡೆದುಕೊಳ್ಳುತ್ತಾರೆಂಬುದು ನಮ್ಮ ಕೈಯಲ್ಲಿಲ್ಲ. ಕಡತವನ್ನು ಹೇಗೆ ಬರೆಯಬೇಕೆಂಬುದು ನಮ್ಮ ಕೈಯಲ್ಲಿದೆ. ಅದನ್ನು ಮೊದಲ ಪ್ರಾಜೆಕ್ಟಿನಿಂದಲೇ ಅಭ್ಯಾಸ ಮಾಡಬಹುದು.